ಕುಡಿಯದವನ ಕೆಂಪು ಮುಖ

ನಾನು ಬಿಸಿಲಿಗೆ ಹಿಡಿದದ್ದು ಜಂಪರ್ ಪೀಸು. ಗಿರಾಕಿ ಹೆಣ್ಣುಮಗಳು ನೋಡಿದ್ದು ನನ್ನ ಮುಖ.

ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಸೀರೆ ತಂದವರಿಗೆ ಅದಕ್ಕೊಪ್ಪುವ ಜಂಪರ್ ಪೀಸು ಅಂದರೆ ರವಿಕೆ ಬಟ್ಟೆ, ಲೈನಿಂಗು, ಫಾಲು ಹುಡುಕಿ ಕೊಡುವ ಅಂಗಡಿ. ಈ ಧಂದೆಯಲ್ಲಿ ಟ್ಯೂಬ್‌ಲೈಟನ್ನು ನಂಬುವ ಹಾಗಿಲ್ಲ. ಒಳಗೆ ಒಂದೇ ಎನಿಸಿದ ಬಣ್ಣ ಹೊರಗೆ ಬಂದರೆ ಬೇರೆಯಾಗಿರುತ್ತದೆ. ಅದಕ್ಕೇ ಪ್ರತಿ ಗಿರಾಕಿಯ ಸೀರೆಯನ್ನೂ ಪೀಸನ್ನೂ ಓಣಿಗೆ ತಂದು, ಬಿಸಿಲಲ್ಲಿ ಒಂದರ ಮೇಲೊಂದು ಹಿಡಿದು ತೋರಿಸುತ್ತೇನೆ. ಮದುವೆಗೆ ಮುಂಚಿನಿಂದಲೂ ಇದೇ ಕೆಲಸ. ದಿನಕ್ಕೆ ಎಷ್ಟು ಸಲ ಬಿಸಿಲಿಗೆ ಬರುತ್ತೇನೋ ಲೆಕ್ಕ ಇಟ್ಟವನಲ್ಲ.

"ಕೂಡ್ತು ನೋಡ್ರಿ ಅಕ್ಕಾರ, ಅಗದೀ ಕರೆಕ್ಟ್," ಅಂದೆ ಅವತ್ತಿನ ಆ ಗಿರಾಕಿಗೆ.

"ಅದಿರ್ಲಿರಿ. ನಿಮ್ಮ ಮಾರಿ ಯಾಕ ಹಿಂಗ ಕೆಂಪಾಗೇತಿ?"

"ಬಿಸಲಿಗೆ ಆಗಿರ್ಬೇಕ್ರಿ."

"ಬಿಸಲು ನಮಗೂ ಬಡದೈತಲ್ರಿ," ಅಂದಳು. ಹಿಂದೆ ನಿಂತಿದ್ದ ಅವಳ ನಾದಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಪೀಸು ತೆಗೆದುಕೊಳ್ಳಲಿಲ್ಲ. ಹೋದರು.

ಆಗಷ್ಟೇ ಶಿವರಾತ್ರಿ ಮುಗಿದು ಬಿಸಿಲು ಏರುತ್ತಿತ್ತು. ಕೆಂಪು ಶುರುವಾದದ್ದು ಮೂಗಿನ ಎರಡೂ ಬದಿಗೆ. ಆಮೇಲೆ ಕೆನ್ನೆ, ಆಮೇಲೆ ಗದ್ದ. ಮೊದಮೊದಲು ಬಂದು ಹೋಗುತ್ತಿತ್ತು. ಬಿಸಿ ಚಹಾ ಕುಡಿದರೆ ಬರುತ್ತಿತ್ತು. ಸಿಟ್ಟು ಮಾಡಿದರೆ ಬರುತ್ತಿತ್ತು. ನನಗೆ ಸಿಟ್ಟು ಬರುವುದೇನು ಅಪರೂಪವಲ್ಲ. ಕೆಲವು ತಿಂಗಳಲ್ಲಿ ಬಂದದ್ದು ಹೋಗುವುದನ್ನೇ ಬಿಟ್ಟಿತು. ಮೂಗಿನ ಮೇಲೆ ಸಣ್ಣ ಸಣ್ಣ ಕೆಂಪು ನರ ಎದ್ದವು. ಕೆನ್ನೆಯ ಮೇಲೆ ಕೀವಿನ ಗುಳ್ಳೆ. ಹದಿನೆಂಟರಲ್ಲಿ ಒಂದು ಮೊಡವೆ ಕಾಣದ ಮುಖಕ್ಕೆ ಐವತ್ತರ ಹತ್ತಿರ ಬಂದಾಗ ಈ ಶೃಂಗಾರ. ತಣ್ಣೀರು ತಾಕಿದರೂ ಉರಿ. ದಾಡಿ ಮಾಡಿಕೊಳ್ಳುವುದೆಂದರೆ ಶಿಕ್ಷೆ. ಕಣ್ಣೊಳಗೆ ಉಸುಕು ಹೊಕ್ಕ ಹಾಗೆ ಚುಚ್ಚುತ್ತಿತ್ತು. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಕಣ್ಣೂ ಕೆಂಪಾಗಿರುತ್ತಿದ್ದವು.

ಬಣ್ಣ ಗುರುತಿಸುವುದೇ ನನ್ನ ಹೊಟ್ಟೆಪಾಡು. ಕನ್ನಡಿ ಮುಂದೆ ನಿಂತು ನನ್ನ ಮುಖಕ್ಕೂ ಶೇಡು ಹೇಳಿದೆ. ಮುಂಜಾನೆ ಗಜ್ಜರಿ. ಮಧ್ಯಾಹ್ನ ಟೊಮ್ಯಾಟೊ. ಸಂಜೆ ಮರೂನ್.

ಇದಕ್ಕೆ ರೊಸೇಶಿಯಾ ಎಂಬ ಹೆಸರಿದೆ ಎಂದು ನನಗೆ ಗೊತ್ತಾಗುವುದಕ್ಕೆ ಇನ್ನೂ ಬಹಳ ದಿನ ಬೇಕಾಗಿತ್ತು. ಅಷ್ಟರಲ್ಲಿ ಓಣಿಯವರು ತಮ್ಮ ಡಯಾಗ್ನೋಸಿಸ್ ಮಾಡಿ ಮುಗಿಸಿದ್ದರು.

ಕುಡೀತಾನ.

ನಾನು ಕುಡಿಯುವುದಿಲ್ಲ. ಇಲ್ಲಿಯೇ ಬರೆದುಬಿಡುತ್ತೇನೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡಿದ್ದೇನೆ ಎಂಬ ಕಾರಣಕ್ಕಲ್ಲ. ಕಟ್ಟಿಕೊಂಡೂ ಕುಡಿಯುವವರನ್ನು ಬೇಕಾದಷ್ಟು ನೋಡಿದ್ದೇನೆ. ನನಗೆ ಆ ವಾಸನೆಯೇ ಆಗುವುದಿಲ್ಲ. ಗೆಳೆಯರ ಒತ್ತಾಯಕ್ಕೂ ಒಂದು ಗುಟುಕು ಇಳಿಸಿದವನಲ್ಲ. ಆದರೆ ಇದನ್ನು ಬಾಯಿಬಿಟ್ಟು ಹೇಳಿದಿರೋ, ಕೆಟ್ಟಿರಿ. "ಕುಡಿಯೋರೆಲ್ಲಾ ಹಂಗ ಅಂತಾರ" ಎಂಬ ಮಾತು ತಯಾರಿರುತ್ತದೆ. ಹೇಳಿದರೂ ಕುಡುಕ, ಸುಮ್ಮನಿದ್ದರೂ ಕುಡುಕ. ಇದಕ್ಕೆ ನೀವೇನು ಉತ್ತರ ಕೊಡುತ್ತೀರಿ? ಕೊಡಿ ನೋಡೋಣ.

ಜಂಪರ್ ಪೀಸಿನ ಅಂಗಡಿ ಎಂದರೆ ಹೆಣ್ಣುಮಕ್ಕಳ ಅಂಗಡಿ. ಅವರು ಮೆಟ್ಟಿಲ ಮೇಲೆಯೇ ನಿಂತು ಮೂಗು ಎಳೆಯತೊಡಗಿದರು, ವಾಸನೆ ಬರುತ್ತದೋ ಎಂದು. ಒಬ್ಬ ತಾಯಿ ತನ್ನ ಮಗಳಿಗೆ, ನನಗೆ ಕೇಳುವ ಹಾಗೆಯೇ, "ನೀ ಒಳಗ ಹೋಗಬ್ಯಾಡ, ಇಲ್ಲೇ ನಿಂದ್ರು," ಅಂದಳು. ಆ ಹುಡುಗಿ ನನ್ನ ಮಗಳು ಅಕ್ಷತಾಳ ವಯಸ್ಸಿನವಳು. ಅವತ್ತು ನನಗೆ ಊಟ ಸೇರಲಿಲ್ಲ.

ಇನ್ನು ಪುಕ್ಕಟೆ ಡಾಕ್ಟರುಗಳು. ಲೋಳೆಸರ ಹಚ್ಚು, ಗಂಧ ತೇಯ್ದು ಹಚ್ಚು, ಮುಲ್ತಾನಿ ಮಿಟ್ಟಿ ಹಚ್ಚು. ಒಬ್ಬರು ನಿಂಬೆರಸ ಹಚ್ಚು ಅಂದರು. ಹಚ್ಚಿದೆ. ಯಾರು ಹೇಳಿದರು ಎಂದು ಬರೆಯುವುದಿಲ್ಲ. ಅವರು ಹಿಂಡಿದ ನಿಂಬೆಹಣ್ಣು ಯಾವತ್ತೂ ರಸ ಬಿಡದಿರಲಿ. ಕೊನೆಗೆ ಔಷಧಿ ಅಂಗಡಿಯಲ್ಲಿ ಮುಖ ತೋರಿಸಿದೆ. ಅಂಗಡಿಯವ ಚೀಟಿ ಕೇಳಲಿಲ್ಲ, ಏನೂ ಕೇಳಲಿಲ್ಲ, ಒಂದು ಟ್ಯೂಬು ಕೈಗಿಟ್ಟ. ಎರಡೇ ದಿನದಲ್ಲಿ ಮುಖ ತಿಳಿಯಾಯಿತು. ಆಹಾ, ಎಂಥ ಔಷಧಿ ಅಂದುಕೊಂಡೆ. ಎರಡು ತಿಂಗಳು ಹಚ್ಚಿದೆ. ಒಂದು ವಾರ ಬಿಟ್ಟೆ ನೋಡಿ, ಮುಖ ಮೊದಲಿಗಿಂತ ಇಮ್ಮಡಿ ಕೆಂಪಾಗಿ, ಗುಳ್ಳೆ ಎದ್ದು, ಸುಟ್ಟ ಹಾಗಾಯಿತು. ಗಾಬರಿಯಾಗಿ ಮತ್ತೆ ಹಚ್ಚತೊಡಗಿದೆ, ಈ ಸಲ ಮುಖ ತಿಳಿಯಾಗಲಿಲ್ಲ. ಅದು ಸ್ಟಿರಾಯ್ಡ್ ಮುಲಾಮು, ಈ ರೋಗಕ್ಕೆ ಅದು ಬೆಂಕಿಗೆ ಹೊಯ್ದ ಎಣ್ಣೆ ಎಂದು ಆಮೇಲೆ ತಿಳಿಯಿತು.

ಆ ತಿಳಿಯಾದ ಎರಡು ತಿಂಗಳು, ಮತ್ತೆ ಕೆಂಪಾದ ಆ ವಾರ, ಎರಡನ್ನೂ ನನ್ನ ಹೆಂಡತಿ ನೋಡಿದಳು. ನಡುವೆ ಕುಡಿತ ಬಿಟ್ಟಿದ್ದರು, ಮತ್ತೆ ಶುರು ಹಚ್ಚಿದರು ಎಂದುಕೊಂಡಳು.

ಓಣಿಯವರು ಏನಾದರೂ ಅಂದುಕೊಳ್ಳಲಿ, ಸಾಯಲಿ. ಗಿರಿಜಾ ನನ್ನನ್ನು ನಂಬುತ್ತಾಳೋ ಇಲ್ಲವೋ, ನನಗೆ ಅದೊಂದೇ ಬೇಕಾಗಿತ್ತು.

ಗಿರಿಜಾಳ ತವರು ಹೆಬ್ಬಳ್ಳಿ. ಅವಳ ಅಪ್ಪ ಕುಡಿದು ಕುಡಿದೇ ಸತ್ತವನು. ಅವನ ಮುಖವೂ ಹೀಗೆಯೇ, ಮೂಗಿನಿಂದಲೇ ಕೆಂಪಾಗುತ್ತ ಬಂದಿತ್ತಂತೆ. ನಾನು ಹೆಣ್ಣು ನೋಡಲು ಹೋದಾಗ ಅವಳು ತಲೆ ಎತ್ತಿ, ಹಿರಿಯರೆಲ್ಲ ಕೂತಿರುವಾಗಲೇ, ಒಂದೇ ಒಂದು ಮಾತು ಕೇಳಿದ್ದಳು: "ಕುಡೀತೀರೇನು?" ಇಲ್ಲ ಅಂದಿದ್ದೆ. ಆ ಒಂದು ಮಾತಿನ ಮೇಲೆ ನನ್ನನ್ನು ಒಪ್ಪಿಕೊಂಡವಳು. ಹೊಲ ಕೇಳಲಿಲ್ಲ, ಅಂಗಡಿ ಕೇಳಲಿಲ್ಲ.

ಈಗ ಮಿರ್ಚಿಯ ವಿಷಯ. ಕೊಲೆಸ್ಟ್ರಾಲ್ ರಿಪೋರ್ಟು ಬಂದಾಗಿನಿಂದ ಗಿರಿಜಾ ನನಗೆ ಎಣ್ಣೆಯಲ್ಲಿ ಕರಿದದ್ದು ಬಂದ್ ಮಾಡಿದ್ದಳು. ಅಂಗಡಿ ಮುಚ್ಚಿದ ಮೇಲೆ ಗಾಡಿಯ ಮುಂದೆ ನಿಂತು ಬಿಸಿಬಿಸಿ ಮಿರ್ಚಿ ಭಜಿ, ಒಂದು ಪ್ಲೇಟ್ ಚುರುಮುರಿಯ ಗಿರಮಿಟ್ ತಿನ್ನದೆ ಮನೆಗೆ ಹೋಗುವುದು ಹುಬ್ಬಳ್ಳಿಯಲ್ಲಿ ಹುಟ್ಟಿದವನಿಂದ ಆಗುವ ಮಾತೇ? ತಿನ್ನುತ್ತಿದ್ದೆ. ಎಣ್ಣೆಯ ವಾಸನೆ ಬರಬಾರದೆಂದು ಬಾಯಿಗೆ ನಾಲ್ಕು ಏಲಕ್ಕಿ ಹಾಕಿಕೊಂಡು ಮನೆಗೆ ಹೋಗುತ್ತಿದ್ದೆ. ಕೆಂಪು ಮುಖ, ಕೆಂಪು ಕಣ್ಣು, ಬಾಯಲ್ಲಿ ಏಲಕ್ಕಿ. ನಾನೇ ಕೈಯಾರೆ ಸಾಕ್ಷಿ ಕಟ್ಟಿಕೊಟ್ಟಿದ್ದೆ.

ಒಂದು ಸಂಜೆ ಬಾಗಿಲಲ್ಲೇ ತಡೆದಳು.

"ಬಾಯಿ ತಗೀರಿ."

"ಏನ್ ಹುಚ್ಚು ಹಿಡದೈತೇನ?"

"ಏಲಕ್ಕಿ ಯಾಕ ತಿಂದೀರಿ?"

"ಸುಮ್ನ."

"ನಮ್ಮಪ್ಪನೂ ಸುಮ್ನ ತಿಂತಿದ್ದ," ಅಂದು ಒಳಗೆ ಹೋದಳು.

ಹಿಂದೆಯೇ ಹೋಗಿ ಮಿರ್ಚಿಯ ಸಂಗತಿ ಹೇಳಿದೆ. "ಮಿರ್ಚಿ ತಿಂದ್ರ ಕಣ್ಣ ಕೆಂಪಾಗ್ತಾವೇನ್ರಿ? ಹೇಳೋದಾದ್ರ ಒಂದು ಛಂದನ ಸುಳ್ಳರ ಹೇಳ್ರಿ," ಅಂದಳು. ಆಗುತ್ತವೆ. ನನಗೆ ಆಗುತ್ತವೆ. ಖಾರವೂ, ಬಿಸಿಯೂ ಸೇರಿದರೆ ಈ ರೋಗ ಭಗ್ಗನೆ ಏಳುತ್ತದೆ. ಆದರೆ ಅದು ಆಗ ನನಗೂ ಗೊತ್ತಿರಲಿಲ್ಲ. ಖರೇ ಹೇಳಿಯೂ ಸುಳ್ಳು ಹೇಳಿದವನ ಹಾಗೆ ನಿಂತೆ.

ಅದರ ಮುಂದಿನ ವಾರ ಅವಳ ತಮ್ಮ ಈರಣ್ಣ ಹೆಬ್ಬಳ್ಳಿಯಿಂದ ಬಂದ. ಒಂದು ಚೀಲ ಶೇಂಗಾ ತಂದಿದ್ದ. ನನ್ನ ಮುಖವನ್ನು ಹೊರಳಿ ಹೊರಳಿ ನೋಡಿದ. ಅಕ್ಕ ತಮ್ಮ ಅಡುಗೆಮನೆಯಲ್ಲಿ ಬಹಳ ಹೊತ್ತು ಗುಸುಗುಸು ಅಂದರು. ಶೇಂಗಾ ಅಷ್ಟೇ ತಂದಿದ್ದಾನೆ ಅಂದುಕೊಂಡಿದ್ದೆ.

ಆಮೇಲೆ ವಾಂತಿ ಶುರುವಾಯಿತು.

ಮಧ್ಯಾಹ್ನ ಊಟವಾಗಿ ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳಸುತ್ತಿತ್ತು. ತಲೆ ತಿರುಗುತ್ತಿತ್ತು. ಬಾಯಲ್ಲಿ ತಾಮ್ರ ನೆಕ್ಕಿದ ರುಚಿ. ಗಿರಾಕಿ ಮುಂದಿರುವಾಗಲೇ ಎದ್ದು ಗಟಾರದ ಕಡೆ ಓಡುತ್ತಿದ್ದೆ. ಅದನ್ನು ಕಂಡ ಓಣಿಯವರಿಗೆ ಇನ್ನೇನು ಬೇಕು? ಹಾಡುಹಗಲಿಗೇ ಹಾಕತೊಡಗಿದ್ದಾನೆ ಅಂದರು. ನನಗೆ ಒಳಗೊಳಗೇ ಕ್ಯಾನ್ಸರ್ ಭಯ. ಮುಖದ ಗುಳ್ಳೆಯ ಬೇರು ಹೊಟ್ಟೆಯಲ್ಲಿದೆ ಅಂದುಕೊಂಡೆ. ಸ್ಕ್ಯಾನ್ ಆಯಿತು, ಎಂಡೋಸ್ಕೋಪಿ ಆಯಿತು. ಎಲ್ಲ ನಾರ್ಮಲ್. ಗಿರಿಜಾ ದಿನವೂ ಕೇಳುತ್ತಿದ್ದಳು, "ಇವತ್ತು ಹೆಂಗೈತ್ರಿ? ಸಂಜೀ ಮುಂದ ಬ್ಯಾರೆ ಏನೂ ತಿನ್ನಬೇಕು, ಕುಡೀಬೇಕು ಅನಸ್ಲಿಲ್ಲಲ್ಲ?" ಎಂದು. ಎಷ್ಟು ಕಾಳಜಿ ಅಂದುಕೊಂಡೆ. ಅವಳ ಮೇಲೆ ಪ್ರೀತಿ ಉಕ್ಕಿತು, ನನ್ನ ಮೂರ್ಖತನಕ್ಕಿಷ್ಟು ಬೆಂಕಿ ಬೀಳಲಿ.

ನನ್ನ ಅಂಗಡಿಯ ಮುಂಗಟ್ಟಿನಲ್ಲೇ ರಫೀಕ್ ಕೂರುತ್ತಾನೆ. ಸೀರೆಗೆ ಫಾಲು ಹಚ್ಚುವ, ಅಂಚಿಗೆ ಪಿಕೋ ಹೊಡೆಯುವ ಮಷೀನು ಅವನದು. ಗೆಳೆತನ ಹಳೆಯದು. ಇಬ್ಬರ ಡಬ್ಬಿಯೂ ಒಟ್ಟಿಗೇ ಬಿಚ್ಚುತ್ತೇವೆ. ಪಲ್ಯ ಅದಲುಬದಲಾಗುತ್ತದೆ. ಮಜ್ಜಿಗೆ ಬಾಟಲಿ ಮಾತ್ರ ನನ್ನೊಬ್ಬನದು, ಅವನಿಗೆ ಮಜ್ಜಿಗೆ ಸೇರುವುದಿಲ್ಲ. ಒಂದು ದಿನ ಮಳೆ ಹೊಳವಾಗಿ ಬಿಸಿಲು ಎಷ್ಟಿತ್ತೆಂದರೆ ಅವನೇ ಬಾಟಲಿ ಕಸಿದುಕೊಂಡು ಅರ್ಧ ಕುಡಿದ.

ಆ ಮಧ್ಯಾಹ್ನ ಒಂದೇ ಗಟಾರದ ಮುಂದೆ ಇಬ್ಬರೂ ಬಗ್ಗಿ ನಿಂತಿದ್ದೆವು.

ಬಾಯಿ ಒರೆಸಿಕೊಂಡು ರಫೀಕ್ ನನ್ನ ಮುಖ ನೋಡಿದ. "ಅಣ್ಣಾ, ನಿನ್ನ ಹೊಟ್ಯಾಗ ಏನೂ ಇಲ್ಲ. ಇರೋದು ಮಜ್ಜಿಗ್ಯಾಗ."

ಅಂಗಡಿಯ ಶಟರ್ ಎಳೆದು ಇಬ್ಬರೂ ಮನೆಗೆ ಬಂದೆವು. ರಫೀಕನ ಒದ್ದೆ ಅಂಗಿ, ಬಿಳಿಚಿದ ಮುಖ ನೋಡಿ ಗಿರಿಜಾ ನಿಂತಲ್ಲೇ ನಿಂತಳು.

"ಅಯ್ಯ ಶಿವನ! ಆ ಮಜ್ಜಿಗಿ ನೀವೂ ಕುಡದ್ರೇನ್ರಿ?"

ನಾನು ಇನ್ನೂ ಬಾಯಿ ತೆರೆದಿರಲಿಲ್ಲ. ಮಜ್ಜಿಗೆ ಎಂಬ ಮಾತು ನಾವಿಬ್ಬರೂ ಎತ್ತಿರಲಿಲ್ಲ.

ಜೋಳದ ಡಬ್ಬಿಯ ಹಿಂದಿನಿಂದ ಪುಡಿಕೆ ಹೊರಗೆ ಬಂತು. ನೀವೂ ನೋಡಿರುತ್ತೀರಿ, ಬಸ್ ಸ್ಟ್ಯಾಂಡಿನ ಗೋಡೆ, ಕಂಬ, ಪಾಯಖಾನೆಯ ಬಾಗಿಲು, ಎಲ್ಲ ಕಡೆ ಅಂಟಿಸಿರುತ್ತಾರೆ: ಅವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ, ಊಟದಲ್ಲಿ ಬೆರೆಸಿ ಕೊಡಿ. ಈರಣ್ಣ ಆ ಚೀಟಿ ನೋಡಿ ಎಲ್ಲಿಂದಲೋ ತರಿಸಿದ್ದ. ಬೂದಿ ಬಣ್ಣದ ಪುಡಿ. ಏನು ಬೆರೆಸಿದ್ದಾರೋ ಮೇಲೆ ಒಂದಕ್ಷರ ಬರೆದಿರಲಿಲ್ಲ. ಗಂಡನಿಗೆ ಹಾಕುವ ಮೊದಲು ನಾಯಿಗೆ ಹಾಕಿಯಾದರೂ ನೋಡಬೇಕಲ್ಲವೇ? ಇಲ್ಲ. ನೇರ ನನಗೇ.

ನಾನು ಕೂಗಾಡಿದೆ. ನನ್ನ ಜನ್ಮದಲ್ಲಿ ಹಾಗೆ ಕೂಗಿದ್ದಿಲ್ಲ. ಪಕ್ಕದ ಮನೆಯವರು ಟಿವಿ ಸಣ್ಣದು ಮಾಡಿ ಕೇಳಿದರು. ಕೂಗಿದಷ್ಟೂ ಮುಖ ಕಾದ ಹಂಚಾಯಿತು. ಗಿರಿಜಾ ಅಳುತ್ತಲೇ ನನ್ನ ಕೆನ್ನೆಯತ್ತ ಬೆರಳು ಮಾಡಿದಳು.

"ನೋಡ್ರಿ ರಫೀಕಣ್ಣ, ನೀವ ನೋಡ್ರಿ, ಹೆಂಗ ಕೆಂಪಾಗೇತಿ!"

ಸಿಟ್ಟು ಮಾಡುವ ಹಕ್ಕೂ ನನಗಿರಲಿಲ್ಲ. ಸಿಟ್ಟೇ ಸಾಕ್ಷಿಯಾಗುತ್ತಿತ್ತು.

"ವೈನಿ," ಅಂದ ರಫೀಕ್, "ಮುಂಜಾನಿಂದ ಸಂಜಿತನಕ ಇವ ನನ್ನ ಕಣ್ಣ ಮುಂದನ ಇರ್ತಾನ. ಸಂಜಿಗೆ ಇಬ್ರೂ ಕೂಡೇ ಮಿರ್ಚಿ ತಿಂತೇವಿ. ಅಲ್ಲಾನ ಆಣೆ, ಇವ ಕುಡಿಯಂಗಿಲ್ಲ."

"ನಮ್ಮಪ್ಪಗೂ ಗೆಳ್ಯಾರಿದ್ರು ಅಣ್ಣಾ. ಅವರೂ ಹಿಂಗ ಆಣೆ ಮಾಡ್ತಿದ್ರು."

ರಫೀಕ್ ತಲೆ ತಗ್ಗಿಸಿಕೊಂಡು ಎದ್ದು ಹೋದ.

ಅವತ್ತಿನಿಂದ ನಾನು ಮನೆಯಲ್ಲಿ ಉಣ್ಣುವುದನ್ನು ಬಿಟ್ಟೆ. ಖಾನಾವಳಿಯಲ್ಲಿ ರೊಟ್ಟಿ ತಿಂದೆ. ಖಾನಾವಳಿಯ ಖಾರಕ್ಕೆ ಮುಖ ಇನ್ನಷ್ಟು ಉರಿಯಿತು. ಉರಿಯಲಿ ಅಂದೆ. ಒಂದೇ ಮನೆಯಲ್ಲಿ ಇಬ್ಬರೂ ಬಾಡಿಗೆದಾರರ ಹಾಗೆ ಓಡಾಡಿದೆವು. ಅವಳು ನನ್ನನ್ನು ನಂಬುತ್ತಿರಲಿಲ್ಲ. ನಾನು ಅವಳು ಕೊಟ್ಟ ನೀರನ್ನೂ ನಂಬುತ್ತಿರಲಿಲ್ಲ.

ಧಾರವಾಡದ ಹಾಸ್ಟೆಲ್ಲಿನಲ್ಲಿ ಓದುವ ಅಕ್ಷತಾ ಭಾನುವಾರ ಬಂದಳು. ಎಲ್ಲ ಕೇಳಿದಳು. ಅಮ್ಮನಿಗೂ ಬೈದಳು, ನನಗೂ ಬೈದಳು. "ಅಪ್ಪಾ, ಮಾರಿಗೆ ಆಗಿದ್ದಕ್ಕ ಹೊಟ್ಟಿ ಡಾಕ್ಟರ್ ಕಡೆ ಹೋಗಿ ಬಂದೀರಿ. ಚರ್ಮದ ಡಾಕ್ಟರ್ ಕಡೆ ಯಾರೂ ಹೋಗಿಲ್ಲ. ಇಬ್ರಿಗೂ ಬುದ್ಧಿ ಐತೇನು?" ಅವಳೇ ಧಾರವಾಡದ ಒಬ್ಬ ಸ್ಕಿನ್ ಡಾಕ್ಟರ್ ಹತ್ತಿರ ಅಪಾಯಿಂಟ್‌ಮೆಂಟ್ ಮಾಡಿಸಿದಳು. ನಾನು ಒಂದು ಕರಾರು ಹಾಕಿದೆ. ಗಿರಿಜಾ ಜೊತೆಗೆ ಬರಬೇಕು. ಡಾಕ್ಟರ್ ಬಾಯಿಂದಲೇ ಕೇಳಬೇಕು, ಇವರು ಕುಡಿಯುವುದಿಲ್ಲ ಎಂದು.

ಡಾಕ್ಟರ್ ಸಣ್ಣ ವಯಸ್ಸಿನ ಹೆಣ್ಣುಮಗಳು. ಮುಖಕ್ಕೆ ಲೆನ್ಸ್ ಹಿಡಿದು ನೋಡಿದಳು. ಕಣ್ಣಿನ ರೆಪ್ಪೆ ಮಗುಚಿ ನೋಡಿದಳು. ಟ್ಯೂಬಿನ ಹೆಸರು ಕೇಳಿ ಹಲ್ಲು ಕಚ್ಚಿದಳು. ಆಮೇಲೆ ಪ್ರಶ್ನೆ.

"ಬಿಸಲಾಗ ಕೆಲಸಾ ಮಾಡ್ತೀರೇನ್ರಿ? ಖಾರ ಜಾಸ್ತಿ ತಿಂತೀರೇನು? ಚಹಾ ಭಾಳ ಬಿಸಿ ಬೇಕೇನು? ಡ್ರಿಂಕ್ಸ್ ತೊಗೋತೀರೇನು?"

"ನೀವೂ ಶುರು ಮಾಡಿದ್ರೇನ್ರಿ!" ಅಂತ ಎದ್ದು ನಿಂತುಬಿಟ್ಟೆ.

"ಎಲ್ಲಾರಿಗೂ ಕೇಳ್ತೇನಿ ಸರ್. ಕುಂದರ್ರಿ."

ಕೂತೆ. ಹೆಸರು ಹೇಳಿದಳು. ರೊಸೇಶಿಯಾ. ಚರ್ಮದ ರಕ್ತನಾಳ ಬೇಗ ಹಿಗ್ಗುತ್ತವೆ. ಬಿಸಿಲು, ಬಿಸಿ, ಖಾರ, ಸಿಟ್ಟು ಯಾವುದಾದರೂ ಸಾಕು. ಪೂರ್ತಿ ವಾಸಿಯಾಗುವುದಿಲ್ಲ, ಹತೋಟಿಗೆ ಬರುತ್ತದೆ. ಅಂಟುರೋಗ ಅಲ್ಲ. ವಾಸಿಯಾಗುವುದಿಲ್ಲ ಎಂಬ ಮಾತು ಕೇಳಿಯೂ ನನಗೆ ದುಃಖವಾಗಲಿಲ್ಲ. ಇಷ್ಟು ತಿಂಗಳು ಬೈಸಿಕೊಂಡದ್ದಕ್ಕೆ ಒಂದು ಹೆಸರಾದರೂ ಸಿಕ್ಕಿತಲ್ಲ ಅನಿಸಿತು. ಪುಡಿಯ ಕತೆ ಹೇಳಿದಾಗ ಅವಳು ಪೆನ್ನು ಕೆಳಗಿಟ್ಟಳು. ಗಿರಿಜಾಳನ್ನೇ ನೋಡುತ್ತ, "ಅಮ್ಮಾ, ಅದರಾಗ ಏನಿತ್ತೋ ಏನೋ. ಜೀವಕ್ಕ ಅಪಾಯ ಆಗ್ತಿತ್ತು," ಅಂದಳು.

ಗಿರಿಜಾ ಕೈಯಲ್ಲಿದ್ದ ಪರ್ಸಿನ ಹಿಡಿಯನ್ನು ತಿರುಚುತ್ತಿದ್ದಳು. ಕೊನೆಗೂ ಕೇಳಿದಳು.

"ಹಂಗಾದ್ರ ಇವರು ಕುಡಿಯಂಗಿಲ್ಲಂತ ಖರೇನ್ರಿ ಡಾಕ್ಟರ್?"

ಇದಕ್ಕಾಗಿಯೇ ನಾನು ಬಂದದ್ದು. ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತೆ.

"ಕುಡಿಯದವರಿಗೂ ಇದು ಬರ್ತದರೀ. ಹೆಣ್ಮಕ್ಕಳಿಗೆ ಇನ್ನೂ ಜಾಸ್ತಿ ಬರ್ತದ. ಮಾರಿ ಕೆಂಪದ ಅಂತ ಕುಡೀತಾರ ಅನ್ನಾಕ ಬರಂಗಿಲ್ಲ. ಆದ್ರ ಕುಡಿಯಂಗಿಲ್ಲ ಅಂತ ಚರ್ಮ ನೋಡಿ ನಾ ಹೆಂಗ ಹೇಳ್ಲಿ? ಅದು ನಿಮಗ ಗೊತ್ತಿರಬೇಕು."

ನಾನು ಆ ಡಾಕ್ಟರನ್ನು ಮನಸ್ಸಿನಲ್ಲೇ ಶಪಿಸಿದೆ. ಒಂದು ಮಾತು! ಒಂದೇ ಮಾತು ಅಂದಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಹೊರಗೆ ಬಂದೆವು. ಬಸ್ಸಿನಲ್ಲಿ ಗಿರಿಜಾ ಕಿಟಕಿಯ ಆಚೆ ನೋಡುತ್ತ ಕೂತಳು. ನವಲೂರು ದಾಟಿತು, ಉಣಕಲ್ ದಾಟಿತು.

ಚಿಕಿತ್ಸೆ ಶುರುವಾಯಿತು. ಸ್ಟಿರಾಯ್ಡ್ ಬಿಟ್ಟದ್ದಕ್ಕೆ ಮೊದಲ ಕೆಲವು ವಾರ ಮುಖ ಇನ್ನೂ ಕೆಟ್ಟಿತು, ಅದನ್ನು ಡಾಕ್ಟರ್ ಮೊದಲೇ ಹೇಳಿದ್ದಳು. ಡಾಕ್ಸಿಸೈಕ್ಲಿನ್ ಮಾತ್ರೆ, ಮೆಟ್ರೊನಿಡಜೋಲ್ ಕ್ರೀಮು, ಮುಂಜಾನೆ ಸನ್‌ಸ್ಕ್ರೀನ್. ನನ್ನ ಕೆಂಪು ಮುಖಕ್ಕೆ ಆ ಸನ್‌ಸ್ಕ್ರೀನ್ ಹಚ್ಚಿದರೆ ಹಣೆಯ ವಿಭೂತಿ ಗದ್ದದ ತನಕ ಇಳಿದ ಹಾಗೆ ಕಾಣುತ್ತಿತ್ತು. ಬಿಸಿಲಿಗೆ ಹೋಗಬೇಡಿ ಅಂದಳು ಡಾಕ್ಟರ್. ಹೋಗದೆ ಬಣ್ಣ ಕೂಡಿಸುವುದು ಹೇಗೆ? ಈಗ ಎಡಗೈಯಲ್ಲಿ ಛತ್ರಿ, ಬಲಗೈಯಲ್ಲಿ ಸೀರೆ. ನಾನು ನೆರಳಲ್ಲಿ, ಬಟ್ಟೆ ಬಿಸಿಲಲ್ಲಿ. ಗಿರಾಕಿಗಳು ನಗುತ್ತಾರೆ. ಮಿರ್ಚಿ ಬಿಟ್ಟೆ. ಈ ರೋಗ ನನ್ನಿಂದ ಕಸಿದದ್ದರಲ್ಲಿ ಇದನ್ನು ಮಾತ್ರ ನಾನು ಸಾಯುವತನಕ ಕ್ಷಮಿಸುವುದಿಲ್ಲ.

ಅಕ್ಷತಾ ಕಣ್ಣೀರು ಹಾಕಿದ್ದಕ್ಕೆ ಮನೆಯಲ್ಲಿ ಉಣ್ಣತೊಡಗಿದ್ದೆ. ಒಂದು ಭಾನುವಾರ ಹೊರಗೆ ಕಾಲಿಟ್ಟಿರಲಿಲ್ಲ. ಗಿರಿಜಾ ಚಹಾ ತಂದು ಎದುರಿಗೆ ಕೂತಳು. ಕುದಿಯುವ ಚಹಾ, ಹಳೆಯ ಚಟ, ಹಾಗೆಯೇ ಗುಟುಕರಿಸಿದೆ. ಅವಳು ನನ್ನ ಮುಖವನ್ನು ನೋಡುತ್ತಲೇ ಇದ್ದಳು. ಅವಳ ಕಣ್ಣ ಮುಂದೆಯೇ ಮೂಗಿನ ಬದಿಯಿಂದ ಕೆಂಪು ಎದ್ದು ಕೆನ್ನೆಗೆ ಹರಡಿತು. ಮನೆಯಲ್ಲಿ, ಹಗಲಲ್ಲಿ, ಅವಳೇ ಮಾಡಿದ ಚಹಾದಿಂದ. ಅವಳು ಮರುದಿನದಿಂದ ಚಹಾ ಆರಿಸಿ ಕೊಟ್ಟಳು.

ಕ್ಷಮಾ ಮಾಡ್ರಿ ಅಂತ ಒಂದು ಮಾತು ಬಂದೀತೆಂದು ಕಾದೆ. ಬರಲಿಲ್ಲ.

ದೀಪಾವಳಿಯ ಹೊತ್ತಿಗೆ ಮುಖ ತಿಳಿಯಾಯಿತು. ಗುಳ್ಳೆ ಹೋದವು. ಕೆಂಪು ಪೂರ್ತಿ ಹೋಗಲಿಲ್ಲ, ದೂರದಿಂದ ಕಾಣದಷ್ಟಾಯಿತು. ಇನ್ನಾದರೂ ಜನ ಬಾಯಿ ಮುಚ್ಚುತ್ತಾರೆ ಅಂದುಕೊಂಡೆ. ಎಂಥ ಹುಚ್ಚ ನಾನು!

"ಬಿಟ್ರಿ ಅಂತ ಕಾಣ್ತೈತಿ. ಛಲೋ ಆತು ಬಿಡ್ರಿ," ಅಂದರು ಎದುರು ಮನೆಯ ರಿಟೈರ್ಡ್ ಕ್ಲಾರ್ಕ್, ನನ್ನ ಬೆನ್ನು ತಟ್ಟಿ.

"ಮನಸ್ ಮಾಡಿದ್ರ ಯಾವದೂ ದೊಡ್ಡದಲ್ಲ ನೋಡ್ರಿ," ಅಂದರು ಇನ್ನೊಬ್ಬರು.

ಕುಡಿಯದೆ ಕುಡುಕನಾಗಿದ್ದೆ. ಈಗ ಬಿಡದೆ ಬಿಟ್ಟವನಾದೆ. ರೋಗ ಬಂದರೂ ಅಪರಾಧಿ, ಹೋದರೂ ಅಪರಾಧಿ. ಔಷಧಿ ನುಂಗಿದವನು ನಾನು, ಉರಿ ತಿಂದವನು ನಾನು. ಹೊಗಳಿಕೆ ಮಾತ್ರ ನಾನು ಎಂದೂ ಬಿಡದ ಚಟಕ್ಕೆ. ಹಲ್ಲು ಕಚ್ಚಿ ಬದುಕಿದೆ. ಸಿಟ್ಟು ಮಾಡಿದರೆ ಮುಖ ಕೆಂಪಾಗುತ್ತಿತ್ತಲ್ಲ.

ಮೊನ್ನೆ ಹೆಬ್ಬಳ್ಳಿಯಲ್ಲಿ ಈರಣ್ಣನ ಮಗಳ ಕುಬಸ ಇತ್ತು, ಚೊಚ್ಚಲ ಬಸುರಿಗೆ ತವರಿನವರು ಹಸಿರು ಉಡಿಸುವ ಕಾರ್ಯ. ಹಸಿರು ಜಂಪರ್ ಪೀಸು ನನ್ನ ಅಂಗಡಿಯದೇ. ಹೋಗಲು ಮನಸ್ಸಿರಲಿಲ್ಲ. ಆ ಹುಡುಗಿಗಾಗಿ ಹೋದೆ. ಪಡಸಾಲೆಯಲ್ಲಿ ಗಂಡಸರ ಪಂಕ್ತಿ ಕೂತಿತ್ತು. ಬಾಗಿಲ ಬದಿಗೆ ಹೆಣ್ಣುಮಕ್ಕಳು ನಿಂತಿದ್ದರು. ಗಿರಿಜಾ ಹೋಳಿಗೆಗೆ ತುಪ್ಪ ಬಡಿಸುತ್ತಿದ್ದಳು. ಈರಣ್ಣ ನನ್ನ ಹಿಂದೆ ಬಂದು ಎರಡೂ ಭುಜ ಹಿಡಿದುಕೊಂಡು ಎಲ್ಲರಿಗೂ ಕೇಳುವ ಹಾಗೆ ಅಂದ:

"ನಮ್ಮ ಮಾಮಾರ ಮಾರಿ ನೋಡ್ರಿ ಈಗ! ಹೆಂಗಿದ್ರು, ಹೆಂಗಾದ್ರು! ನಾ ತರಿಸಿದ ಪುಡಿ ಅದು. ಒಬ್ರಿಗೂ ಹೇಳಬ್ಯಾಡ್ರಿ, ಪತ್ತೇನ ಹತ್ತಲಾರದಂಗ ಬಿಡಿಸಿಬಿಟ್ವಿ."

ಪಂಕ್ತಿಯೆಲ್ಲ ನಕ್ಕಿತು. ಬಾಗಿಲ ಬದಿಯಿಂದ ಒಬ್ಬ ಎಳೆಯ ಹೆಣ್ಣುಮಗಳು, ಕಂಕುಳಲ್ಲಿ ಕೂಸಿತ್ತು, ಮೆಲ್ಲಗೆ ಮುಂದೆ ಬಂದಳು. "ಅಣ್ಣಾರ, ಆ ಪುಡಿ ಎಲ್ಲಿ ಸಿಗ್ತೈತ್ರಿ? ನಮ್ಮ ಮನ್ಯಾಗೂ ಬೇಕಾಗಿತ್ತು."

ನನ್ನ ಕೈ ಎಲೆಯ ಮೇಲೆ ನಿಂತಿತು. ಎದ್ದು ಹೋಗಬೇಕೆಂದುಕೊಂಡೆ.

"ಅದನ್ನ ತೊಗೋಬ್ಯಾಡ ತಂಗಿ."

ಗಿರಿಜಾ. ತುಪ್ಪದ ಗಿಂಡಿ ಕೈಯಲ್ಲೇ ಇತ್ತು.

"ನಿಮ್ಮನ್ಯಾಗ ಕುಡೀತಿದ್ರ ದವಾಖಾನಿಗೆ ಕರಕೊಂಡು ಹೋಗು. ಇದನ್ನ ಹಾಕಬ್ಯಾಡ. ಇವರು ಎಂದೂ ಕುಡದವರಲ್ಲ. ಕುಡಿಯದ ಗಂಡಗ ನಾ ಪುಡಿ ಹಾಕೀನಿ. ಮಜ್ಜಿಗ್ಯಾಗ ಹಾಕಿ ಡಬ್ಬಿ ಕಟ್ಟಿ ಕಳಸೀನಿ. ವಾಂತಿ ಮಾಡ್ಕೊಂಡು ಬಂದು ಮಲಗಿದ್ರ ತಲಿ ಒತ್ತೀನಿ, ಮರುದಿನ ಮತ್ತ ಹಾಕೀನಿ."

"ಅಕ್ಕಾ, ಏನ್ ಮಾತಾಡಾಕತ್ತಿ? ಜನಾ ಅದಾರ," ಅಂದ ಈರಣ್ಣ.

"ಅದಾರಂತನ ಹೇಳಾಕತ್ತೇನಿ. ಇವರನ್ನ ಕುಡುಕ ಅಂದಿದ್ದೂ ಜನದಾಗನ."

ಈರಣ್ಣನಿಗೆ ಮುಖಭಂಗವಾಯಿತು. "ಕುಡೀತಿರಲಿಲ್ಲಂತ ಡಾಕ್ಟರ್ ಹೇಳಿದ್ರೇನು?"

"ಡಾಕ್ಟರ್ ಹೇಳಿಲ್ಲ," ಅಂದಳು ಗಿರಿಜಾ. "ನಾ ಹೇಳಾಕತ್ತೇನಿ."

ನನ್ನ ಮೂಗಿನ ಬದಿಯಿಂದ ಉರಿ ಎದ್ದು ಕೆನ್ನೆಗೆ, ಕಿವಿಗೆ ಏರಿತು. ಕಣ್ಣಲ್ಲೂ ನೀರು. ಎದುರು ಪಂಕ್ತಿಯವರೆಲ್ಲ ನನ್ನ ಮುಖವನ್ನೇ ನೋಡತೊಡಗಿದರು. ಬೇರೆ ದಿನವಾಗಿದ್ದರೆ ತಲೆ ತಗ್ಗಿಸಿ ಎದ್ದು, ಬಚ್ಚಲಿಗೆ ಹೋಗಿ ತಣ್ಣೀರು ಹಚ್ಚಿಕೊಳ್ಳುತ್ತಿದ್ದೆ. ಅವಳ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಇಷ್ಟು ಮಾತಿಗೆ ಇಷ್ಟು ತಡ ಮಾಡಿದಳಲ್ಲ ಎಂಬ ಸಿಟ್ಟು ಇವತ್ತಿಗೂ ಇದೆ. ಗಿರಿಜಾ ನನ್ನ ಎಲೆಯ ಮುಂದೆ ಬಗ್ಗಿ ಹೋಳಿಗೆಗೆ ತುಪ್ಪ ಹೊಯ್ದಳು. ಅರ್ಧ ತುಪ್ಪ ಎಲೆಯಾಚೆ ಬಿತ್ತು. ನಾನು ತಲೆ ಎತ್ತಿ, ಆ ಕೆಂಪು ಮುಖ ಎಲ್ಲರಿಗೂ ಕಾಣುವ ಹಾಗೆ ಕೂತು, ಉಂಡೆ.